ಓಲ್ಟೇಜ್ ಸರಿ ಇದ್ದ ದಿನ

ಏಪ್ರಿಲ್ ಮೂರನೆಯ ವಾರವೆಂದರೆ ಅಜ್ಜಾವರದ ಕಡೆ ಗೇರುಬೀಜದ ಕಾಲ. ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿದವರು ಸೊಂಟ ಬಗ್ಗಿಸಿ ಹಣ್ಣು ಹೆಕ್ಕಿ, ಬೀಜ ತಿರುಚಿ ತೆಗೆದು, ಹಣ್ಣನ್ನು ಅಲ್ಲೇ ಬಿಟ್ಟು ಮನೆಗೆ ಬರುತ್ತಾರೆ. ಮಾರನೆಯ ದಿನ ಆ ಬೀಜವನ್ನು ಹೊತ್ತುಕೊಂಡು ಮುಳ್ಳುಕಜೆ ಕ್ರಾಸಿಗೆ ಇಳಿಯುತ್ತಾರೆ. ಕ್ರಾಸಿನಲ್ಲಿರುವುದು ಒಂದು ಹೋಟೆಲು, ಒಂದು ಹಾಲಿನ ಸೊಸೈಟಿ, ಮತ್ತು ಕುಶಾಲಪ್ಪನ ಅಂಗಡಿ. ಬೀಜ, ಕಾಳುಮೆಣಸು, ರಬ್ಬರು, ಏನು ತಂದರೂ ತೂಗಿ ಕೊಳ್ಳುವ ಜಾಗ ಅದೊಂದೇ.

ಅಂಗಡಿಯ ಜೀವ ಇದ್ದದ್ದು ಒಂದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಅದರ ಹೊಟ್ಟೆಯ ಅಡಿಯಲ್ಲಿ, ಎಡಗೈಯ ಹೆಬ್ಬೆರಳಿಗೆ ಮಾತ್ರ ಸಿಗುವಂತೆ, ಹುಣಸೆಬೀಜದಷ್ಟು ದೊಡ್ಡದೊಂದು ಬಟನ್ ಇತ್ತು. ಅದನ್ನು ಕೂರಿಸಿಕೊಟ್ಟ ರಿಪೇರಿಯವನು ಹೋಗುವಾಗ ಹೇಳಿದ್ದ: "ಒಮ್ಮೆ ಒತ್ತಿದ್ರೆ ವ್ಯಾಪಾರ. ಇನ್ನೊಮ್ಮೆ ಒತ್ತಿದ್ರೆ ಧರ್ಮ." ವ್ಯಾಪಾರದಲ್ಲಿ ಒಂದು ಕಿಲೋ ಇಟ್ಟರೆ ಒಂಬೈನೂರು ಗ್ರಾಂ ತೋರಿಸುತ್ತಿತ್ತು. ಧರ್ಮದಲ್ಲಿ ಇದ್ದದ್ದು ಇದ್ದ ಹಾಗೆ. ತೂಕದ ಇಲಾಖೆಯವರು ಮುದ್ರೆ ಒತ್ತಲು ಬರುವ ದಿನ ಧರ್ಮ, ಉಳಿದ ಮುನ್ನೂರ ಅರವತ್ತನಾಲ್ಕು ದಿನ ವ್ಯಾಪಾರ.

ಹಾಗೆಂದು ಕುಶಾಲಪ್ಪ ತನ್ನನ್ನು ಕಳ್ಳನೆಂದು ತಿಳಿದಿರಲಿಲ್ಲ. ಬೀಜದಲ್ಲಿ ಮಣ್ಣಿರುತ್ತದೆ, ಒಣ ಎಲೆ ಇರುತ್ತದೆ, ಪೊಳ್ಳು ಇರುತ್ತದೆ. ಅದಕ್ಕೆಲ್ಲ ಸೇರಿಸಿ ಕಿಲೋಗೆ ನೂರು ಗ್ರಾಂ ಎಂದು ಅವನು ನ್ಯಾಯವಾಗಿಯೇ ತೀರ್ಮಾನಿಸಿದ್ದ. ತೀರ್ಮಾನವನ್ನು ಯಾರಿಗೂ ತಿಳಿಸಿರಲಿಲ್ಲ, ಅಷ್ಟೇ.

ಆ ದಿನದ ತೊಂದರೆ ಶುರುವಾದದ್ದು ಬೀಜದಿಂದಲ್ಲ, ಬ್ಯಾಗಿನಿಂದ.

ಸುಳ್ಯದಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ಏರ್ಪಾಡಾಗಿತ್ತು. ಐದು ದಿನ. ಕಲ್ಲುಗುಂಡಿಯಿಂದ ಗುಡ್ಡ ಹತ್ತುವುದು, ಬೇಕಾದ್ದನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ನಡೆಯುವುದು, ರಾತ್ರಿ ಟೆಂಟಿನಲ್ಲಿ ಮಲಗುವುದು. ನಡೆಸುವವನು ನೆಲ್ಯಾಡಿ ಕಡೆಯ ರಬ್ಬರ್ ತೋಟದ ಮಲಯಾಳಿ ಔತ ಚೇಟನ, ಅಂದರೆ ಔತಣ್ಣನ, ಮಗ ಸಿಬಿ. ಮಿಲಿಟರಿಗೆ ಸೇರಲು ಹೋಗಿ, ಎತ್ತರ ಒಂದು ಸೆಂಟಿಮೀಟರ್ ಕಡಿಮೆಯಾಯಿತೆಂದು ಹಿಂದೆ ಬಂದವನು. ಅಂದಿನಿಂದ ಅಳತೆಯ ವಿಷಯದಲ್ಲಿ ಅವನಿಗೆ ಯಾರ ಮೇಲೂ ಕರುಣೆ ಇರಲಿಲ್ಲ. ತಂದೆತಾಯಿಗಳ ಗ್ರೂಪಿಗೆ ಅವನು ಒಂದು ಪಟ್ಟಿ ಕಳಿಸಿದ್ದ. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಟಾರ್ಚು, ತಟ್ಟೆ, ಲೋಟ, ನೀರಿನ ಬಾಟಲಿ, ಮಳೆ ಬಂದರೆ ಹೊದೆಯಲು ಪ್ಲಾಸ್ಟಿಕ್. ಪಟ್ಟಿಯ ಕೆಳಗೆ ಎರಡು ಸಾಲು: "ಬ್ಯಾಗಿನ ತೂಕ ಏಳು ಕಿಲೋ ಮೀರಬಾರದು. ಹತ್ತಿರದ ಅಂಗಡಿಯಲ್ಲಿ ತೂಗಿಸಿ, ಸೀಲು ಹಾಕಿದ ಚೀಟಿ ತರತಕ್ಕದ್ದು."

ಮುಳ್ಳುಕಜೆಯಿಂದ ನಾಲ್ಕು ಮಕ್ಕಳು ಹೊರಟಿದ್ದರು. ಮೊದಲನೆಯವಳು ಕುಶಾಲಪ್ಪನ ಮಗಳೇ, ಎಂಟನೆಯ ಕ್ಲಾಸಿನ ಯಶಸ್ವಿ. ಬೆಳಗ್ಗೆ ಏಳು ಗಂಟೆಗೆ ಹೆಂಡತಿ ಕುಮುದಿನಿ ಬ್ಯಾಗು ತಂದು ತಕ್ಕಡಿಯ ಮೇಲಿಟ್ಟಳು. ಆರು ಕಿಲೋ ನೂರು ಗ್ರಾಂ ತೋರಿಸಿತು.

"ಹಾಗಾದ್ರೆ ಇನ್ನೂ ಒಂಬೈನೂರು ಗ್ರಾಂ ಉಂಟು," ಎಂದಳು ಕುಮುದಿನಿ.

"ಏಳು ಆಗ್ಲೇಬೇಕು ಅಂತ ಎಂತ ಇಲ್ಲಮ್ಮ," ಎಂದಳು ಯಶಸ್ವಿ. "ಮೀರಬಾರ್ದು ಅಂತ ಮಾತ್ರ."

"ಉಂಟಲ್ವಾ ಜಾಗ. ಸುಮ್ಮನೆ ಯಾಕೆ ಬಿಡುದು?"

ಕುಮುದಿನಿಗೆ ಆ ಒಂಬೈನೂರು ಗ್ರಾಂ ಬಸ್ಸಿನಲ್ಲಿ ಖಾಲಿ ಹೋಗುವ ಸೀಟಿನಂತೆ ಕಂಡಿತು. ಒಂದು ಡಬ್ಬಿ ಚಕ್ಕುಲಿ ಹತ್ತಿತು. ಮಿಡಿ ಉಪ್ಪಿನಕಾಯಿಯ ಬಾಟಲಿ ಹತ್ತಿತು. ಕೊನೆಗೆ ಒಂದು ಸಾಬೂನು ಸೇರಿಸಿ, ಆರು ಕಿಲೋ ಒಂಬೈನೂರ ಐವತ್ತಾಯಿತು. ಕುಶಾಲಪ್ಪ ಬಿಲ್ಲಿನ ಪುಸ್ತಕದಿಂದ ಹಾಳೆ ಹರಿದು, ತೂಕ ಬರೆದು, ಅಂಗಡಿಯ ಹೆಸರಿನ ಸೀಲು ಒತ್ತಿಕೊಟ್ಟ.

ಎಂಟು ಗಂಟೆಯ ಹೊತ್ತಿಗೆ ಬೀಜ ತಂದವರ ನಡುವೆಯೇ ಬ್ಯಾಗಿನವರೂ ಬಂದರು. ಬೀಜ ತಂದವರೂ ಬ್ಯಾಗು ತಂದವರೂ ಒಬ್ಬರೇ ಆಗಿದ್ದರು. ದೂರದ ಸಂಬಂಧದಲ್ಲಿ ಕುಶಾಲಪ್ಪನಿಗೆ ಅಕ್ಕನಾಗಬೇಕಾದ ಕಮಲಾವತಿ ಮೊಮ್ಮಗಳು ತನ್ಮಯೀಯ ಬ್ಯಾಗು ತಂದಳು. ಆರು ಕಿಲೋ ಬಂತು. ಕೂಡಲೇ ಮನೆಗೆ ಹೋಗಿ, ಮಗುವಿನ ತಲೆಯಷ್ಟಿದ್ದ ಒಂದು ಎಳೆ ಹಲಸನ್ನು ಸೆರಗಿನಲ್ಲಿ ಸುತ್ತಿ ತಂದಳು.

"ಗುಜ್ಜೆ ಯಾಕಕ್ಕ?"

"ಆ ಮಾಷ್ಟ್ರಿಗೆ. ಐದು ದಿನ ನಮ್ಮ ಹುಡುಗಿಯನ್ನು ನೋಡಿಕೊಳ್ಳುದಲ್ವಾ ಅವರು. ಬರಿಗೈಯಲ್ಲಿ ಕಳಿಸುದು ಹೇಗೆ?"

ಗುಜ್ಜೆಯ ತೊಟ್ಟು ಕತ್ತರಿಸಿ, ಮುಳ್ಳು ಒಂದಿಷ್ಟು ಕೆತ್ತಿ, ಸರಿಯಾಗಿ ಏಳು ಕಿಲೋ ಮಾಡಿದರು. ರುಖಿಯಮ್ಮ ಮೊಮ್ಮಗ ಹಿಶಾಮನ ಬ್ಯಾಗಿಗೆ ಒಂದು ಲೀಟರ್ ತೆಂಗಿನೆಣ್ಣೆ ಸೇರಿಸಿದಳು. "ಗುಡ್ಡದ ನೀರಿಗೆ ತಲೆಕೂದಲು ಉದುರ್ತದೆ," ಎಂಬುದು ಅವಳ ವಾದ. ಬಾಡಿಗೆ ಜೀಪು ಓಡಿಸುವ ಜಯಪ್ರಕಾಶನ ಮಗನ ಬ್ಯಾಗಿನಲ್ಲಿ ಬಟ್ಟೆಯೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಸದ್ಯ ಅದೂ ಏಳು ಕಿಲೋಗೆ ಹತ್ತು ಗ್ರಾಂ ಕಡಿಮೆ ತೂಗಿತು. ನಾಲ್ಕು ಬ್ಯಾಗು, ನಾಲ್ಕು ಚೀಟಿ, ನಾಲ್ಕು ಸೀಲು. ನಡುವೆ ಎಲ್ಲರ ಬೀಜವೂ ತೂಗಿ ಆಯಿತು. ಕುಶಾಲಪ್ಪ ಹೋಟೆಲಿನಿಂದ ಚಹಾ ತರಿಸಿ ಕುಡಿದ.

ಒಂಬತ್ತೂವರೆಗೆ ಸಿಬಿ ಬೈಕಿನಲ್ಲಿ ಬಂದಿಳಿದ.

"ಕುಶಾಲಪ್ಪಣ್ಣ, ನಿಮ್ಮಲ್ಲಿಂದ ನಾಲ್ಕು ಮಕ್ಕಳು ಅಲ್ವಾ? ಚೀಟಿ ಆಯ್ತಾ?"

"ಎಲ್ಲ ಆಯ್ತು ಮಾಷ್ಟ್ರೆ. ಒಂದೂ ಏಳು ಮೀರಲಿಲ್ಲ."

"ಒಳ್ಳೇದಾಯ್ತು. ನಾಲ್ಕು ಗಂಟೆಗೆ ಸುಳ್ಯದ ಶಾಲೆ ಮೈದಾನದಲ್ಲಿ ನಾನು ಇನ್ನೊಮ್ಮೆ ತೂಗ್ತೇನೆ, ಎಲ್ಲರ ಎದುರು. ಹೋದ ವರ್ಷ ಒಂದು ಮಗುವಿನ ಚೀಟಿಯಲ್ಲಿ ಏಳು ಅಂತ ಇತ್ತು. ಅರ್ಧ ಗುಡ್ಡದಲ್ಲಿ ಕೂತೇಬಿಟ್ಟಿತು ಪಾಪ. ತೂಗಿದ್ರೆ ಒಂಬತ್ತೂವರೆ. ಕೆಳಗೆ ಬರುವವರೆಗೂ ನಾನೇ ಹೊತ್ತದ್ದು." ಸಿಬಿ ಹೆಲ್ಮೆಟ್ಟಿನ ಪಟ್ಟಿ ಬಿಗಿದ. "ಈ ಸಲ ಚೀಟಿಗೂ ನನ್ನ ತೂಕಕ್ಕೂ ನೂರು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಮಗು ವಾಪಸ್ ಮನೆಗೆ. ಮತ್ತೆ ಆ ಅಂಗಡಿಯ ಚೀಟಿಯ ಫೋಟೋ ಗ್ರೂಪಿಗೆ ಹಾಕುದು. ಎಪ್ಪತ್ತು ಮನೆಯವರಿದ್ದಾರೆ ಗ್ರೂಪಿನಲ್ಲಿ. ಎಲ್ಲರಿಗೂ ಗೊತ್ತಾಗಲಿ ಯಾವ ತಕ್ಕಡಿ ಹೇಗೆ ಅಂತ."

ಬೈಕು ಹೊರಟುಹೋಯಿತು.

ಕುಶಾಲಪ್ಪ ಒಳಗೆ ಹೋಗಿ ಯಶಸ್ವಿಯ ಬ್ಯಾಗು ಎತ್ತಿ ತಂದು, ಸುತ್ತ ನೋಡಿ, ಹೆಬ್ಬೆರಳನ್ನು ಅಡಿಗೆ ತೂರಿಸಿ ಬಟನ್ ಒತ್ತಿದ. ಏಳು ಕಿಲೋ ಏಳುನೂರ ಇಪ್ಪತ್ತು. ಉಳಿದ ಮೂರು ಬ್ಯಾಗುಗಳ ಕತೆಯೂ ಇದೇ. ನಾಲ್ಕು ಚೀಟಿಯ ಮೇಲೂ ಅವನ ಅಂಗಡಿಯ ಹೆಸರು ನೀಲಿ ಶಾಯಿಯಲ್ಲಿ ಚೆನ್ನಾಗಿ ಮೂಡಿತ್ತು. ಆ ಫೋಟೋ ಗ್ರೂಪಿಗೆ ಹೋದರೆ ನಾಳೆಯಿಂದ ಈ ಅಂಗಡಿಯಲ್ಲಿ ಒಂದು ಬೀಜವೂ ಬೀಳುವುದಿಲ್ಲ.

"ಎಂತಾಯ್ತು?" ಕುಮುದಿನಿ ಅಡಿಗೆಮನೆಯಿಂದ ಇಣುಕಿದಳು.

"ಬ್ಯಾಗನ್ನು ವ್ಯಾಪಾರದಲ್ಲಿ ತೂಗಿಬಿಟ್ಟೆ."

ಕುಮುದಿನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಗಂಡನ ಹೆಬ್ಬೆರಳಿನ ವಿಷಯ ಅವಳಿಗೆ ಮೊದಲಿಂದಲೂ ಗೊತ್ತಿತ್ತು. "ಸ್ವಂತ ಮಗಳಿಗೂ ಧರ್ಮ ಒತ್ತಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದಳು.

"ಅಭ್ಯಾಸ ಮಾರಾಯ್ತಿ. ಬೆರಳಿಗೆ ಮಗಳು ಗೊತ್ತಾಗ್ತದಾ?"

"ಈಗ ನನ್ನ ಚಕ್ಕುಲಿ ತೆಗಿಯುದಾ?"

"ಚಕ್ಕುಲಿ ಅಲ್ಲ, ನನ್ನ ಮಾನ ಹೋಗ್ತಾ ಉಂಟು."

ಕುಮುದಿನಿ ಸ್ವಲ್ಪ ಯೋಚಿಸಿ, ಎರಡರಲ್ಲಿ ಚಕ್ಕುಲಿಯೇ ಹೆಚ್ಚು ಕೆಲಸದ್ದು ಎಂಬಂತೆ ಡಬ್ಬಿಯನ್ನು ತೆಗೆದಳು.

ಕುಶಾಲಪ್ಪ ಮೂರು ಮನೆಗೂ ಫೋನು ಮಾಡಿದ. ಬ್ಯಾಗು ಇನ್ನೊಮ್ಮೆ ತರಬೇಕು ಎಂದ. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ, "ಬೆಳಿಗ್ಗೆ ಓಲ್ಟೇಜ್ ಇರ್ಲಿಲ್ಲ. ತೂಕ ಕಡಿಮೆ ತೋರಿಸಿದೆ."

ಈ ಊರಲ್ಲಿ ಓಲ್ಟೇಜಿನ ಮೇಲೆ ಹಾಕಿದ ಯಾವ ಅಪವಾದವನ್ನೂ ಜನ ನಂಬುತ್ತಾರೆ. ಹತ್ತು ಗಂಟೆಗೆ ಬ್ಯಾಗುಗಳು ಬಂದವು. ಹೆಚ್ಚಾದದ್ದನ್ನು ಇಳಿಸಬೇಕಾದ ಕಾರಣ ಎಲ್ಲವನ್ನೂ ಅಂಗಡಿಯ ನೆಲದ ಮೇಲೆ ಸುರಿದರು. ಇನ್ನೊಬ್ಬರ ಬ್ಯಾಗಿನಲ್ಲಿ ಏನಿದೆ ಎಂದು ನೋಡುವ ಅವಕಾಶ ಸುಮ್ಮನೆ ಸಿಗುವುದಿಲ್ಲವಾದ್ದರಿಂದ, ಹಾಲು ಹಾಕಲು ಬಂದವರೂ ಒಳಗೆ ಬಂದು ನಿಂತರು.

"ಜಯಪ್ರಕಾಶ, ಇದೆಂತ ಇಪ್ಪತ್ತು ಪ್ಯಾಕೆಟ್ ನೂಡಲ್ಸ್? ಬಟ್ಟೆ ಎಲ್ಲಿ?" ಎಂದಳು ಕಮಲಾವತಿ.

"ಬಟ್ಟೆ ಮೈಮೇಲೆ ಉಂಟಲ್ವಾ," ಎಂದ ಜಯಪ್ರಕಾಶ. "ಹುಡುಗ ಅನ್ನ ತಿನ್ನುದಿಲ್ಲ. ನೀವು ಮೊದಲು ಆ ಗುಜ್ಜೆ ತೆಗೀರಿ. ಗುಡ್ಡದಲ್ಲಿ ಹಲಸಿನ ಮರ ಇರ್ತದೆ. ಅಲ್ಲಿಗೆ ಇಲ್ಲಿಂದ ಗುಜ್ಜೆ ಹೊರುದಾ?"

"ಅಲ್ಲಿರುದು ಕಾಡುಹಲಸು. ಇದು ನಮ್ಮ ಬಾವಿಕಟ್ಟೆಯದ್ದು."

"ಎಣ್ಣೆ ಅರ್ಧ ಮಾಡಿ ರುಖಿಯಮ್ಮ," ಎಂದ ಇನ್ನೊಬ್ಬ.

"ಅರ್ಧ ತಲೆಗೆ ಹಚ್ಚುದಾ?" ಎಂದಳು ರುಖಿಯಮ್ಮ.

ಮಕ್ಕಳು ನಾಲ್ವರೂ ಹೊರಗೆ ಜಗಲಿಯಲ್ಲಿ ಕೂತು, ತಮಗೆ ಸಂಬಂಧವೇ ಇಲ್ಲದ ಮದುವೆಗೆ ಬಂದವರಂತೆ ನೋಡುತ್ತಿದ್ದರು.

ಇಷ್ಟರಲ್ಲಿ ಬೀಜ ತಂದವರ ಎರಡನೆಯ ಸಾಲು ಬೆಳೆಯಿತು. ಕುಶಾಲಪ್ಪ ಒಂದು ಉಪಾಯ ಮಾಡಿದ. ಬ್ಯಾಗು ಬಂದರೆ ಧರ್ಮ, ಬೀಜ ಬಂದರೆ ವ್ಯಾಪಾರ. ಮೊದಲ ಮೂರು ಸಲ ಹೆಬ್ಬೆರಳು ಸರಿಯಾಗಿಯೇ ಕೆಲಸ ಮಾಡಿತು. ನಾಲ್ಕನೆಯ ಸಲ ಒತ್ತುವಾಗ ಯಾರೋ ಹೆಗಲು ತಟ್ಟಿದರು. ಒತ್ತಿದ್ದು ಒಮ್ಮೆಯೋ ಎರಡು ಸಲವೋ ತಿಳಿಯದೆ ಹೋಯಿತು. ತಕ್ಕಡಿಯ ಮುಖದ ಮೇಲೆ ಧರ್ಮಕ್ಕೂ ವ್ಯಾಪಾರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಅದೇ ಕೆಂಪು ಅಂಕಿ.

ಕುಶಾಲಪ್ಪ ಒಳಗೆ ಓಡಿ ಒಂದು ಕಿಲೋ ಸಕ್ಕರೆಯ ಪ್ಯಾಕೆಟು ತಂದು ಇಟ್ಟ. ಒಂಬೈನೂರು. ವ್ಯಾಪಾರ. ಸಕ್ಕರೆ ತೆಗೆದು, ಬಟನ್ ಒತ್ತಿ, ಬ್ಯಾಗು ಇಟ್ಟ. ಆಮೇಲೆ ಅನುಮಾನ ಬಂದು ಮತ್ತೆ ಸಕ್ಕರೆ ಇಟ್ಟ. ಪ್ರತಿ ತೂಕಕ್ಕೂ ಮೊದಲು ಸಕ್ಕರೆಯನ್ನು ಎಳೆಮಗುವಿನಂತೆ ಎತ್ತಿ ಮಲಗಿಸಿ, ಮತ್ತೆ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

"ಸಕ್ಕರೆ ಯಾರ ಬ್ಯಾಗಿಗೆ ಕುಶಾಲ?" ಎಂದಳು ಕಮಲಾವತಿ.

"ಯಾರ ಬ್ಯಾಗಿಗೂ ಅಲ್ಲ ಅಕ್ಕ. ಓಲ್ಟೇಜ್ ನೋಡುದು."

"ಸಕ್ಕರೆಯಲ್ಲಿ?"

ಅಷ್ಟರಲ್ಲಿ ರುಖಿಯಮ್ಮ ಮುಂದೆ ಬಂದಳು. ಅರುವತ್ತೈದರ ಹೆಂಗಸು. ಮಾತು ಕಡಿಮೆ, ಆಡಿದರೆ ಅಲ್ಲಿಗೆ ಮುಗಿಯಬೇಕು.

"ಕುಶಾಲಪ್ಪಣ್ಣ, ಬೆಳಿಗ್ಗೆ ಓಲ್ಟೇಜ್ ಇರ್ಲಿಲ್ಲ ಅಂದ್ರಲ್ಲ."

"ಇರ್ಲಿಲ್ಲ."

"ಬ್ಯಾಗಿಗೆ ಕಡಿಮೆ ತೋರಿಸಿದ್ದು."

"ಹೌದು ಮತ್ತೆ."

"ನನ್ನ ಬೀಜ ತೂಗಿದ್ದು ಹಿಶಾಮನ ಬ್ಯಾಗಿನ ಹಿಂದೆಯೇ. ಅದಕ್ಕೆ ಓಲ್ಟೇಜ್ ಬಂದಿತ್ತಾ?"

ನೂಡಲ್ಸ್ ಎಣಿಸುತ್ತಿದ್ದವರೂ ತಲೆಯೆತ್ತಿದರು. ಕುಶಾಲಪ್ಪ ಸಕ್ಕರೆಯನ್ನು ಎದೆಗೆ ಒತ್ತಿ ಹಿಡಿದ. ಬೆಳಗ್ಗಿನ ಬೀಜವೆಲ್ಲ ರಾಶಿಗೆ ಸೇರಿ ಆಗಿತ್ತು. ಇನ್ನು ಅದನ್ನು ಬೇರೆ ಮಾಡಿ ತೂಗುವುದು ಸಾಧ್ಯವಿರಲಿಲ್ಲ. ಓಲ್ಟೇಜು ತಾನೇ ಕೊಟ್ಟ ಕಾರಣ. ಅದನ್ನು ಬ್ಯಾಗಿಗೆ ಇಟ್ಟುಕೊಂಡು ಬೀಜಕ್ಕೆ ಇಲ್ಲವೆನ್ನುವುದು ಹೇಗೆ?

"ಇರ್ಲಿಕ್ಕಿಲ್ಲ ರುಖಿಯಮ್ಮ," ಎಂದ. "ನೀವು ಹೇಳಿದ್ದು ಒಳ್ಳೇದಾಯ್ತು. ಬೆಳಿಗ್ಗೆ ಕೊಟ್ಟವರಿಗೆಲ್ಲ ಹತ್ತು ಕಿಲೋಗೆ ಒಂದು ಕಿಲೋ ಸೇರಿಸಿ ಕೊಡ್ತೇನೆ."

"ಕೂಡಲೇ ಹೇಗೆ ಗೊತ್ತಾಯ್ತು, ಹತ್ತಕ್ಕೆ ಒಂದು ಅಂತ?" ಎಂದ ಜಯಪ್ರಕಾಶ.

"ಅಂದಾಜು ಮಾರಾಯ. ಕೊಡುವಾಗ ಲೆಕ್ಕ ಕೇಳ್ಬಾರ್ದು."

ಅಲ್ಲಿಗೆ ಉಪಾಯ ಮುಗಿಯಿತು. ಇಷ್ಟು ಜನರ ಕಣ್ಣೆದುರು ಇನ್ನು ಹೆಬ್ಬೆರಳು ಆಡಿಸುವಂತಿರಲಿಲ್ಲ. ಒಂದು ದಿನ ತಾನೇ, ಎಂದುಕೊಂಡು ಅವನು ತಕ್ಕಡಿಯನ್ನು ಧರ್ಮದಲ್ಲಿ ಬಿಟ್ಟು, ಸಕ್ಕರೆಯನ್ನು ಒಳಗೆ ಕಳಿಸಿ, ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ. ನಾಲ್ಕು ಬ್ಯಾಗುಗಳೂ ಗುಜ್ಜೆ, ಎಣ್ಣೆ, ನೂಡಲ್ಸು, ಚಕ್ಕುಲಿ ಇಳಿಸಿಕೊಂಡು ಏಳರ ಒಳಗೆ ಬಂದವು. ಹಳೆಯ ಚೀಟಿಗಳನ್ನು ಅವನೇ ಕೈಯಾರೆ ಹರಿದು ಒಲೆಗೆ ಹಾಕಿದ.

ಆದರೆ ಮುಳ್ಳುಕಜೆಯಲ್ಲಿ ಓಲ್ಟೇಜ್ ಸರಿಯಾಗಿದೆ ಎಂಬ ಸುದ್ದಿ ಊಟದ ಹೊತ್ತಿಗೆ ಅಜ್ಜಾವರ ದಾಟಿತ್ತು. ನಾಳೆ ತರಬೇಕೆಂದಿದ್ದವರು ಇಂದೇ ತಂದರು. ರೇಟು ಏರಲಿ ಎಂದು ಅಟ್ಟದಲ್ಲಿಟ್ಟಿದ್ದವರು ಇಳಿಸಿ ತಂದರು. ಜಯಪ್ರಕಾಶ ಮನೆಗೆ ಹೋಗಿ ಒಂದು ಗಂಟೆ ಬಿಟ್ಟು ಜೀಪಿನಲ್ಲಿ ನಾಲ್ಕು ಗೋಣಿ ಹೇರಿಕೊಂಡು ಬಂದ.

"ಕುಶಾಲಪ್ಪಣ್ಣ, ಓಲ್ಟೇಜ್ ಹೇಗುಂಟು?"

"ಉಂಟು."

"ಹಾಗಾದ್ರೆ ಇರುವಾಗಲೇ ಆಗಿಬಿಡಲಿ."

ಸಾಮಾನ್ಯವಾಗಿ ಕುಶಾಲಪ್ಪ ಪ್ರತಿ ಗೋಣಿಯ ಮೇಲಿನಿಂದ ಒಂದು ಹಿಡಿ ಬೀಜ ತೆಗೆದು ಕಿವಿಯ ಹತ್ತಿರ ಕುಲುಕಿ ನೋಡುತ್ತಿದ್ದ. ಒಣಗಿದ ಬೀಜ ಒಳಗೆ ಸದ್ದು ಮಾಡುತ್ತದೆ. ಇವತ್ತೂ ಅವಸರದಲ್ಲಿ ಮೇಲಿನ ಹಿಡಿ ಕುಲುಕಿ, ಸದ್ದು ಬಂದದ್ದೇ ತೂಗಿ, ತೂಗಿದ್ದೇ ಬದಿಗೆ ಸರಿಸಿದ. ಗೋಣಿಗಳು ಗೋಡೆಯುದ್ದಕ್ಕೂ ಏರಿ, ಅಂಗಡಿಗೆ ಹೊಸದೊಂದು ಗೋಡೆ ಕಟ್ಟಿದಂತಾಯಿತು. ಒಂದೊಂದು ತೂಕಕ್ಕೂ ಅವನ ಎಡಗೈ ಹೆಬ್ಬೆರಳು ತಾನಾಗಿಯೇ ಮೇಜಿನ ಅಂಚಿಗೆ ಜಾರುತ್ತಿತ್ತು. ಅವನು ಅದನ್ನು ಬಲಗೈಯಿಂದ ಹಿಡಿದು ತರುತ್ತಿದ್ದ.

ಮೂರು ಗಂಟೆಗೆ ಅಂಗಡಿಯನ್ನು ಕುಮುದಿನಿಗೆ ಒಪ್ಪಿಸಿ, ಮಕ್ಕಳನ್ನೂ ಬ್ಯಾಗುಗಳನ್ನೂ ಜಯಪ್ರಕಾಶನ ಜೀಪಿಗೆ ತುಂಬಿಸಿದ. ಕಮಲಾವತಿ, ರುಖಿಯಮ್ಮ ಇಬ್ಬರೂ ಹತ್ತಿದರು. ಬ್ಯಾಗಿನಿಂದ ಇಳಿದ ಗುಜ್ಜೆ ಕಮಲಾವತಿಯ ಮಡಿಲಲ್ಲಿ ಕೂತಿತ್ತು.

ಸುಳ್ಯದ ಶಾಲೆಯ ಮೈದಾನದಲ್ಲಿ ಸಿಬಿ ಒಂದು ಮಾವಿನ ಕೊಂಬೆಗೆ ಕೊಕ್ಕೆಯ ತಕ್ಕಡಿ ನೇತುಹಾಕಿ ನಿಂತಿದ್ದ. ಸುತ್ತ ತಂದೆತಾಯಿಗಳು. ಮೊದಲು ಕರೆದ ಮಗುವಿನ ಚೀಟಿಯಲ್ಲಿ ಆರೂವರೆ ಇತ್ತು. ಕೊಕ್ಕೆ ಎಂಟು ಎಂದಿತು. ಅಂಗಡಿಯವನು ಸಂಬಂಧಿಕ, ಕಣ್ಣಳತೆಯಲ್ಲಿ ಬರೆದುಕೊಟ್ಟದ್ದು ಎಂದು ತಾಯಿ ಹೇಳಿದಳು. ಸಿಬಿ ಫೋಟೋ ತೆಗೆದ. ಎರಡನೆಯದ್ದು, ಮೂರನೆಯದ್ದು, ಎಲ್ಲ ಹಾಗೇ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ.

"ಯಶಸ್ವಿ, ಮುಳ್ಳುಕಜೆ."

ಚೀಟಿಯಲ್ಲಿ ಆರು ಕಿಲೋ ಒಂಬೈನೂರು. ಕೊಕ್ಕೆ ಸ್ವಲ್ಪ ಆಡಿ, ನಿಂತು, ಆರು ಕಿಲೋ ಒಂಬೈನೂರು ತೋರಿಸಿತು. ತನ್ಮಯೀಯದ್ದೂ ಸರಿ. ಹಿಶಾಮನದ್ದು ಇಪ್ಪತ್ತು ಗ್ರಾಂ ವ್ಯತ್ಯಾಸ. ಜಯಪ್ರಕಾಶನ ಮಗನದ್ದು ಸರಿಗೆ ಸರಿ. ಸಿಬಿ ನಾಲ್ಕೂ ಚೀಟಿಗಳನ್ನು ಒಟ್ಟಿಗೆ ಹಿಡಿದು ಮೇಲೆತ್ತಿದ.

"ಇಲ್ಲಿ ನೋಡಿ. ಇಡೀ ಕ್ಯಾಂಪಿನಲ್ಲಿ ಸರಿಯಾಗಿ ತೂಗಿದ ತಕ್ಕಡಿ ಇದೊಂದೇ. 'ಕುಶಾಲಪ್ಪ, ಬೀಜದ ವ್ಯಾಪಾರಿ, ಮುಳ್ಳುಕಜೆ.' ಬೀಜ ತೂಗುವವರಲ್ಲಿ ಇಂಥವರು ಇದ್ದಾರೆ ಅಂತ ನಾನು ಎಣಿಸಿರ್ಲಿಲ್ಲ. ಕುಶಾಲಪ್ಪಣ್ಣ, ಮುಂದೆ ಬನ್ನಿ."

ಜನ ಚಪ್ಪಾಳೆ ತಟ್ಟಿದರು. ಸಿಬಿ ಅವನನ್ನು ತಕ್ಕಡಿಯ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದು ಅಲ್ಲೇ ಗ್ರೂಪಿಗೆ ಹಾಕಿದ. ಕುಶಾಲಪ್ಪನಿಗೆ ಕಣ್ಣು ತುಂಬಿ ಬಂತು. ಧರ್ಮ ಇಷ್ಟು ಸುಲಭವೆಂದು ಗೊತ್ತಿದ್ದರೆ ವರ್ಷಕ್ಕೆ ಎರಡು ಮೂರು ಸಲ ಒತ್ತಬಹುದಿತ್ತು ಎನ್ನಿಸಿತು.

ಎಲ್ಲರನ್ನೂ ವಾಪಸ್ ಕಳಿಸಿದರೆ ಶಿಬಿರವೇ ಉಳಿಯದೆಂದು ಸಿಬಿ ಉಳಿದವರ ಬ್ಯಾಗುಗಳನ್ನು ಅಲ್ಲೇ ಏಳಕ್ಕೆ ಇಳಿಸಿದ. ತೂಕ ಮುಗಿದು ಮಕ್ಕಳು ಬಸ್ಸು ಹತ್ತಿದರು. ಸಿಬಿ ಡ್ರೈವರನ ಜೊತೆ ಮಾತಾಡುತ್ತಿದ್ದ ಐದು ನಿಮಿಷದಲ್ಲಿ ಬಸ್ಸಿನ ಕಿಟಕಿಗಳಿಂದ ಒಳಗೆ ಹೋದದ್ದನ್ನು ಯಾವ ತಕ್ಕಡಿಯೂ ತೂಗಲಿಲ್ಲ. ನೂಡಲ್ಸು ಹೋಯಿತು, ಎಣ್ಣೆ ಹೋಯಿತು. ಗುಜ್ಜೆ ಕಿಟಕಿಯ ಸರಳಿನಲ್ಲಿ ಸಿಕ್ಕಿಬಿದ್ದಾಗ ಜಯಪ್ರಕಾಶನೇ ಹೊರಗಿನಿಂದ ದೂಡಿಕೊಟ್ಟ. "ಮಾಷ್ಟ್ರಿಗೆ ಅಂತ ಹೇಳು ಮಗಾ," ಎಂದಳು ಕಮಲಾವತಿ. ತನ್ಮಯೀ ಬೇರೆ ಕಡೆ ನೋಡಿದಳು.

ಜೀಪು ಮುಳ್ಳುಕಜೆಗೆ ತಿರುಗಿ ಬಂದಾಗ ಆರು ಗಂಟೆ. ಕುಶಾಲಪ್ಪ, ಕಮಲಾವತಿ ಇಬ್ಬರೂ ಕ್ರಾಸಿನಲ್ಲಿ ಇಳಿದರು. ಅಂಗಡಿಯ ಮೆಟ್ಟಿಲು ಒದ್ದೆಯಾಗಿತ್ತು.

"ನೆಲ ಯಾಕೆ ತೊಳೆದದ್ದು ಈ ಹೊತ್ತಿನಲ್ಲಿ?" ಎಂದು ಅವನು ಕೇಳಿದ.

"ನಾನೆಲ್ಲಿ ತೊಳೆದೆ?" ಎಂದಳು ಕುಮುದಿನಿ. "ನೀವು ಹೋದಾಗಿನಿಂದ ಒರೆಸಿ ಒರೆಸಿ ಸಾಕಾಯ್ತು. ಎಲ್ಲಿಂದ ಬರ್ತದೋ ಗೊತ್ತಿಲ್ಲ."

ಒದ್ದೆಯ ಜಾಡು ಹಿಡಿದು ಕುಶಾಲಪ್ಪ ಗೋಡೆಯ ಹತ್ತಿರ ಹೋದ. ಜಾಡು ಗೋಣಿಗಳ ಬುಡಕ್ಕೆ ಹೋಗಿ ಮುಗಿಯಿತು. ಅವನು ಜಯಪ್ರಕಾಶನ ಒಂದು ಗೋಣಿಯ ಬಾಯಿ ಬಿಚ್ಚಿದ. ಮೇಲೆ ಒಂದು ಗೇಣು ಗಲಗಲ ಸದ್ದು ಮಾಡುವ ಒಣ ಬೀಜ. ಅದರ ಕೆಳಗೆ ಮೊಣಕೈವರೆಗೆ ಕೈ ತೂರಿಸಿದರೆ, ಮಳೆಗಾಲದ ತೋಡಿಗೆ ಕೈ ಹಾಕಿದಂತೆ ತಣ್ಣಗಾಯಿತು. ಇನ್ನೊಂದು ಗೋಣಿ ಬಿಚ್ಚಿದ. ಅದು ರುಖಿಯಮ್ಮ ಮಧ್ಯಾಹ್ನ ತಂದದ್ದು. ಮೂರನೆಯದು ಕಮಲಾವತಿಯದ್ದು. ಬೀಜದ ಸಿಪ್ಪೆ ಉಬ್ಬಿ, ಮೈಯೆಲ್ಲ ನೀರು ಕುಡಿದು, ಒಂದೊಂದೂ ಮದುವೆ ಊಟ ಮುಗಿಸಿದವರ ಹಾಗೆ ತೃಪ್ತಿಯಿಂದ ಬಿದ್ದುಕೊಂಡಿತ್ತು.

"ಅಕ್ಕ, ಇದೆಂತದ್ದು?"

ಕಮಲಾವತಿ ಮೆಟ್ಟಿಲು ಹತ್ತಿ ಬಂದು ಇಣುಕಿದಳು. "ಬೀಜ."

"ಬೀಜ ಗೊತ್ತಾಗ್ತದೆ. ಈ ನೀರು?"

"ಓ, ಅದಾ. ಅದು ನಿನ್ನ ನೂರು ಗ್ರಾಂ."

ಕುಶಾಲಪ್ಪ ಬಿಚ್ಚಿದ ಗೋಣಿಯ ಮೇಲೆಯೇ ಕೂತ. ಕೂತದ್ದೂ ಒದ್ದೆಯಾಯಿತು.

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ನೀನು ಆ ತಕ್ಕಡಿ ತಂದ ವರ್ಷವೇ. ತನ್ಮಯೀಗೆ ಆಗ ಎರಡು ವರ್ಷ. ಅಂಗನವಾಡಿಯಲ್ಲಿ ಹತ್ತು ಕಿಲೋ ತೂಗಿ, ಬರುವ ದಾರಿಯಲ್ಲಿ ನಿನ್ನ ತಕ್ಕಡಿಯಲ್ಲಿ ಕೂರಿಸಿದೆ. ಒಂಬತ್ತು. ಮಗು ಅರ್ಧ ಮೈಲಿನಲ್ಲಿ ಒಂದು ಕಿಲೋ ಸೊರಗ್ತದಾ ಮಾರಾಯ? ಆ ವಾರದಿಂದಲೇ ಎಲ್ಲರೂ ಬೀಜ ನೆನೆ ಹಾಕ್ಲಿಕ್ಕೆ ಶುರು ಮಾಡಿದ್ದು. ಹತ್ತಕ್ಕೆ ಒಂದು ಬರುವಷ್ಟು. ಮೇಲಿಂದ ನಿನಗೆ ಕುಲುಕ್ಲಿಕ್ಕೆ ಒಂದು ಗೇಣು ಒಣಗಿದ್ದು. ಹೆಚ್ಚು ಹಾಕಿದ್ರೆ ಅನ್ಯಾಯ ಆಗ್ತದೆ."

"ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ರೆ ಜಗಳ. ಒಂದೇ ಊರಿನವರು, ನಾಳೆ ಮುಖ ನೋಡ್ಲಿಕ್ಕುಂಟು. ನೀರು ಹಾಕಿದ್ರೆ ಯಾರಿಗೂ ಬೇಜಾರಿಲ್ಲ."

ಪುತ್ತೂರಿನ ಬೀಜದ ಫ್ಯಾಕ್ಟರಿಗೆ ಪ್ರತಿ ವರ್ಷ ಲೋಡು ಕಳಿಸುವಾಗಲೂ ತೂಕ ಕಡಿಮೆ ಬರುತ್ತಿತ್ತು. ಒಣಗಿಸಿದ ಮೇಲೆ ಇಷ್ಟೇ ಉಳಿಯುವುದು ಎಂದು ಅವರು ಹೇಳುತ್ತಿದ್ದರು. ಅವರ ತಕ್ಕಡಿಯೇ ಕಳ್ಳ ತಕ್ಕಡಿ ಎಂದು ಕುಶಾಲಪ್ಪ ಒಂಬತ್ತು ವರ್ಷ ಸುಳ್ಯದಿಂದ ಪುತ್ತೂರಿನವರೆಗೂ ಕೇಳುವಂತೆ ಬೈದಿದ್ದ. ಒಂಬತ್ತು ವರ್ಷ ಹೆಬ್ಬೆರಳು ಸವೆಸಿ ಕದ್ದದ್ದೆಲ್ಲ ಇಲ್ಲಿನ ಬಾವಿನೀರು. ಒಂದು ದಿನ, ಒಂದೇ ಒಂದು ದಿನ ಸರಿಯಾಗಿ ತೂಗಿದ್ದಕ್ಕೆ, ಆ ನೀರನ್ನೂ ಬೀಜದ ರೇಟಿಗೆ ಕೊಂಡಾಗಿತ್ತು.

"ಆದ್ರೆ ಇವತ್ತು ಸರಿ ತೂಗಿದ್ದಲ್ವಾ ಅಕ್ಕ," ಎಂದ. ದನಿ ಅಳುವಿನ ಹತ್ತಿರ ಬಂದಿತ್ತು. "ಇವತ್ತಾದ್ರೂ ಒಣ ಬೀಜ ತರಬಹುದಿತ್ತು."

"ನಮಗೆ ಕನಸು ಬೀಳ್ತದಾ? ಇವತ್ತು, ನಾಳೆ ತರುದನ್ನೆಲ್ಲ ನಿನ್ನೆ ರಾತ್ರಿಯೇ ನೆನೆ ಹಾಕಿ ಆಗಿತ್ತು. ಜಯಪ್ರಕಾಶ ಒಬ್ಬ ಮಾತ್ರ ಮಧ್ಯಾಹ್ನ ಪೈಪು ಬಿಟ್ಟದ್ದು. ಅದು ಅವನ ತಪ್ಪು, ಅವಸರ ಮಾಡಿದ. ಸರಿ ತೂಗುದಿದ್ರೆ ನೀನು ಒಂದು ದಿನ ಮೊದಲು ಹೇಳ್ಬೇಕು."

"ಆ ನೀರಿನದ್ದು ವಾಪಸ್ ಕೊಡ್ಲಿಕ್ಕೆ ಹೇಳಿ ಎಲ್ಲರಿಗೂ."

"ಹೇಳುವ. ಒಂಬತ್ತು ವರ್ಷದ ನಿನ್ನ ನೂರು ಗ್ರಾಂ ಎಲ್ಲ ಒಟ್ಟು ಮಾಡಿ ಮೊದಲು ಕೊಡು. ಅದರಲ್ಲಿ ಇದನ್ನು ಹಿಡಿದುಕೊಂಡ್ರಾಯ್ತು."

ಕುಶಾಲಪ್ಪ ಆ ಲೆಕ್ಕಕ್ಕೆ ಕೈ ಹಾಕಲಿಲ್ಲ. ಕಮಲಾವತಿಯೂ ಒತ್ತಾಯ ಮಾಡಲಿಲ್ಲ.

ಫೋನು ಒಂದೇ ಸಮನೆ ಟಣ್ ಟಣ್ ಎನ್ನುತ್ತಿತ್ತು. ಫೋಟೋದ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದಿದ್ದವು. ಗುಂಡ್ಯದವರೊಬ್ಬರು ನಾಳೆ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತೀರಿ ಎಂದು ಕೇಳಿದ್ದರು. ಸಿಬಿಯ ಅಪ್ಪ ಔತ ಚೇಟ ಹನ್ನೆರಡು ಗೋಣಿ ಬೀಜ ತರುತ್ತೇನೆ, ಮನೆಯಲ್ಲಿ ತೂಗಿಯೇ ತರುತ್ತೇನೆ ಎಂದು ಬರೆದಿದ್ದ. ಕುಶಾಲಪ್ಪನ ಎಡಗೈ ತಕ್ಕಡಿಯ ಅಡಿಗೆ ಹೋಯಿತು. ಹೆಬ್ಬೆರಳು ಬಟನ್ನಿನ ಮೇಲೆ ಕೂತಿತು. ಒತ್ತಿದರೆ ಎಪ್ಪತ್ತು ಮನೆಯವರು ಹಿಡಿಯುತ್ತಾರೆ. ಒತ್ತದಿದ್ದರೆ ಮುಳ್ಳುಕಜೆಯವರು ಮುಳುಗಿಸುತ್ತಾರೆ.

ಮೆಟ್ಟಿಲು ಇಳಿಯುತ್ತಿದ್ದ ಕಮಲಾವತಿ ತಿರುಗಿ ನಿಂತಳು.

"ಮತ್ತೆ ನಾಳೆ ಹೇಗೆ ಕುಶಾಲ? ಯಾವುದಾದ್ರೂ ಒಂದು ಈಗಲೇ ಹೇಳಿಬಿಡು. ಬೀಜ ನೆನೆ ಹಾಕುವ ಹೊತ್ತಾಯ್ತು."